ನಾಲ್ಕು ತಂತಿಯೋ, ಐದು ತಂತಿಯೋ: ವೇದಿಕೆಗಾಗಿ ಬೇಸ್ ಗಿಟಾರ್ ಆರಿಸುವವರಿಗೆ

ಬೇಸ್ ಗಿಟಾರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅಂಗಡಿಯ ಮೂಲೆಯಲ್ಲಿ ಒಬ್ಬರೇ ಕುಳಿತು ಹತ್ತು ನಿಮಿಷ ನುಡಿಸಿ ನೋಡುತ್ತಾರೆ, ಯಾವುದರ ನಾದ ಎದೆಗೆ ಹೆಚ್ಚು ತುಂಬಿಕೊಂಡಿತೋ ಅದನ್ನೇ ಮನೆಗೆ ತರುತ್ತಾರೆ. ಕೆಲವು ತಿಂಗಳ ಬಳಿಕ ಅದೇ ವಾದ್ಯವನ್ನು ರಸಮಂಜರಿಯ ವೇದಿಕೆಯ ಮೇಲೆ ಎರಡು ಕೀಬೋರ್ಡ್, ರಿದಂ ಪ್ಯಾಡ್, ತಬಲಾ ಮತ್ತು ಡ್ರಮ್ಸ್‌ಗಳ ನಡುವೆ ನುಡಿಸುವಾಗ, ಅಂಗಡಿಯಲ್ಲಿ ಕೇಳಿದ ಆ ನಾದ ಎಲ್ಲಿ ಹೋಯಿತೆಂದು ಹುಡುಕುವಂತಾಗುತ್ತದೆ. ಕೋಣೆಯಲ್ಲಿ ಸೊಗಸಾಗಿ ಕೇಳುವ ಬೇಸ್ ಮೇಳದೊಳಗೆ ಕಾಣೆಯಾಗುವುದೂ, ಒಂಟಿಯಾಗಿ ಕೇಳಿದಾಗ ಒರಟೆನಿಸಿದ್ದು ಮೇಳದೊಳಗೆ ಸರಿಯಾಗಿ ಕೂರುವುದೂ ಈ ವಾದ್ಯದ ಸ್ವಭಾವವೇ ಆಗಿದೆ. ಆದ್ದರಿಂದ ಇಲ್ಲಿ ಮಾಡಿರುವ ಹೋಲಿಕೆಗಳೆಲ್ಲವೂ ಜೊತೆಗೆ ಇತರರು ನುಡಿಸುತ್ತಿರುವ, ಎದುರಿಗೆ ಜನರು ಕುಳಿತಿರುವ ಸನ್ನಿವೇಶವನ್ನು ಮುಂದಿಟ್ಟುಕೊಂಡವು. ಮನೆಯಲ್ಲಿ ಸಂತೋಷಕ್ಕಾಗಿ ಮಾತ್ರ ನುಡಿಸುವವರು ತಮಗೆ ಇಷ್ಟವಾದುದನ್ನು ಕೊಳ್ಳಬಹುದು, ಅದಕ್ಕೆ ಮಾರ್ಗದರ್ಶಿಯ ಅಗತ್ಯವಿಲ್ಲ.

ಪ್ರಿಸಿಷನ್ ಮತ್ತು ಜಾಝ್

ಇಂದು ಮಾರಾಟಕ್ಕಿರುವ ಬೇಸ್‌ಗಳಲ್ಲಿ ಹೆಚ್ಚಿನವು, ತಲೆಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ, ಎರಡು ಹಳೆಯ ಮಾದರಿಗಳ ಮಕ್ಕಳು ಮೊಮ್ಮಕ್ಕಳೇ ಆಗಿವೆ. ಮೊದಲನೆಯದು 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್. ಅದಕ್ಕೂ ಮೊದಲಿದ್ದ ಆಳೆತ್ತರದ ಡಬಲ್ ಬೇಸಿಗೆ, ವಾದ್ಯದ ಕತ್ತಿನ (ನೆಕ್) ಮೇಲೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳಿಲ್ಲದ ಕಾರಣ ಸ್ವರಸ್ಥಾನವನ್ನು ಕಿವಿಯಿಂದಲೇ ಹಿಡಿಯಬೇಕಾಗಿತ್ತು. ಫ್ರೆಟ್ ಬಂದ ಮೇಲೆ ಸ್ವರ ನಿಖರವಾಯಿತೆಂಬುದನ್ನೇ ಆ ಹೆಸರು ಸಾರುತ್ತದೆ. 1957ರಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅದರ ಪಿಕಪ್ ಎರಡು ತುಂಡುಗಳಾಗಿ, ಎರಡೆರಡು ತಂತಿಗೆ ಒಂದರಂತೆ ಸ್ವಲ್ಪ ಹಿಂದುಮುಂದಾಗಿ ಕುಳಿತಿತು. ಈಗ ನಾವು ಪ್ರಿಸಿಷನ್ ಎಂದು ಗುರುತಿಸುವುದು ಆ ರೂಪವನ್ನೇ. ಎರಡನೆಯದು 1960ರ ಜಾಝ್ ಬೇಸ್. ಅದರಲ್ಲಿ ಎರಡು ಪಿಕಪ್‌ಗಳಿವೆ, ನೆಕ್ ತಲೆಯ ಕಡೆ ತೆಳುವಾಗಿ, ತಂತಿಗಳು ಆ ತುದಿಯಲ್ಲಿ ಒರಗುವ ನಟ್‌ನ ಬಳಿ ಸುಮಾರು 38 ಮಿಲಿಮೀಟರ್ ಅಗಲವಿರುತ್ತದೆ. ಪ್ರಿಸಿಷನ್‌ನ ಈಗಿನ ಮಾದರಿಗಳಲ್ಲಿ ಅದೇ ಅಳತೆ 41 ಮಿಲಿಮೀಟರಿನಷ್ಟು, ಹಳೆಯ ಮಾದರಿಗಳಲ್ಲಿ ಇನ್ನೂ ಹೆಚ್ಚು.

ಜಾಝ್ ಬೇಸಿನ ಎರಡೂ ಪಿಕಪ್‌ಗಳನ್ನು ಪೂರ್ತಿ ತೆರೆದಾಗ ಮಧ್ಯದ ಆವರ್ತನಗಳು ತಗ್ಗಿ, ತಳವೂ ಮೇಲಿನ ಹೊಳಪೂ ಎದ್ದು ಬರುತ್ತವೆ. ಅಂಗಡಿಯಲ್ಲಿ ಮನಸೋಲುವಂತೆ ಮಾಡುವ ನಾದ ಇದೇ. ಆದರೆ ವೇದಿಕೆಯ ಮೇಲೆ ತಳವನ್ನು ಡ್ರಮ್‌ನ ಕಿಕ್ ಆಕ್ರಮಿಸಿರುತ್ತದೆ, ಹೊಳಪನ್ನು ಸಿಂಬಲ್‌ಗಳು ನುಂಗುತ್ತವೆ, ಬೇಸಿಗೆ ಉಳಿಯುವ ಜಾಗ ಮಧ್ಯದ್ದು ಮಾತ್ರ. ಪ್ರಿಸಿಷನ್‌ನ ಬಲವಿರುವುದು ಅಲ್ಲಿಯೇ. ಜಾಝ್ ಬೇಸ್ ಇರುವವರು ಒಂದು ಪಿಕಪ್ಪನ್ನು ಸ್ವಲ್ಪ ತಗ್ಗಿಸಿದರೆ ಮಧ್ಯ ಮರಳಿ ಬರುತ್ತದೆಯಾದರೂ, ಅದರ ಪಿಕಪ್‌ಗಳು ಒಂಟಿ ಸುರುಳಿಯವಾದ್ದರಿಂದ ಸಮತೋಲ ತಪ್ಪಿದೊಡನೆ ಗುಂಯ್‌ಗುಡುವ ಸದ್ದು ಜೊತೆಗೆ ಬರುತ್ತದೆ. ದೀಪಾಲಂಕಾರದ ಡಿಮ್ಮರ್‌ಗಳೂ ಜನರೇಟರೂ ಇರುವ ವೇದಿಕೆಯಲ್ಲಿ ಇದು ಸಣ್ಣ ತೊಂದರೆಯಲ್ಲ. ಪ್ರಿಸಿಷನ್‌ನ ಎರಡು ತುಂಡುಗಳು ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಜೋಡಣೆಯಾಗಿವೆ.

ಎರಡರ ನಡುವೆ ತೀರ್ಮಾನಿಸಲಾಗದವರಿಗೆ ಮುಂದೆ ಪ್ರಿಸಿಷನ್ ಬಗೆಯ, ಹಿಂದೆ ಜಾಝ್ ಬಗೆಯ ಪಿಕಪ್ ಇರುವ ಪಿಜೆ ಎಂಬ ಮಿಶ್ರ ಜೋಡಣೆಯಿದೆ, ಯಮಾಹಾದ ಟಿಆರ್‌ಬಿಎಕ್ಸ್ 174 ಅದಕ್ಕೆ ಕೈಗೆಟುಕುವ ಉದಾಹರಣೆ. ಮೊದಲ ವಾದ್ಯವಾಗಿ ನಾನು ಇದನ್ನೇ ಸೂಚಿಸುತ್ತೇನೆ, ಆದರೆ ವೇದಿಕೆಯಲ್ಲಿ ಅದರ ಮುಂದಿನ ಪಿಕಪ್ಪನ್ನೇ ಹೆಚ್ಚು ಬಳಸುವಿರೆಂದು ಮೊದಲೇ ಹೇಳಿಬಿಡುತ್ತೇನೆ.

ತಂತಿಗಳ ಸಂಖ್ಯೆ ಮತ್ತು ಗಾಯಕರ ಶ್ರುತಿ

ನಾಲ್ಕು ತಂತಿಯ ಬೇಸನ್ನು ಕೆಳಗಿನಿಂದ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಐದು ತಂತಿಯದರಲ್ಲಿ ಅದಕ್ಕೂ ಕೆಳಗೆ ಬಿ ತಂತಿಯಿದ್ದು, ಅದರ ಕಂಪನ ಸುಮಾರು 31. ಇವುಗಳ ಬಗ್ಗೆ ಇಂಗ್ಲಿಷಿನಲ್ಲಿ ನಡೆಯುವ ವಾದವಿವಾದಗಳಲ್ಲಿ ಸಂಗೀತದ ಪ್ರಕಾರವೇ ಮುಖ್ಯ ಪ್ರಶ್ನೆಯಾಗಿರುತ್ತದೆ: ರಾಕ್ ಆದರೆ ನಾಲ್ಕು, ಮೆಟಲ್ ಅಥವಾ ಗಾಸ್ಪೆಲ್ ಆದರೆ ಐದು. ನಮ್ಮಲ್ಲಿ ಪ್ರಶ್ನೆ ಬೇರೆ, ಏಕೆಂದರೆ ರಾಕ್ ಮೇಳದಲ್ಲಿ ಗಿಟಾರಿನ ಅನುಕೂಲಕ್ಕೆ ತಕ್ಕಂತೆ ಇ ಅಥವಾ ಎ ಸುತ್ತ ಹಾಡು ಕಟ್ಟಿಕೊಳ್ಳುತ್ತಾರೆ, ನಮ್ಮ ವೇದಿಕೆಗಳಲ್ಲಿ ಶ್ರುತಿಯನ್ನು ನಿರ್ಧರಿಸುವವರು ಗಾಯಕರು.

ಗಾಯಕರು ಶ್ರುತಿ ಹೇಳುವ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮನೆ ಎಂದರೆ ಸಿ, ಎರಡು ಎಂದರೆ ಡಿ, ಮೂರು ಎಂದರೆ ಇ, ಐದು ಎಂದರೆ ಜಿ. ಶಾಸ್ತ್ರೀಯ ಅಭ್ಯಾಸದಿಂದ ಬಂದ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಒಳಗೂ, ಹೆಂಗಸರು ಐದರ ಆಸುಪಾಸಿನಲ್ಲೂ ಹಾಡುತ್ತಾರೆ. ಐದು ಮನೆಯ ಹಾಡಿಗೆ ನಾಲ್ಕು ತಂತಿ ಹೇಳಿ ಮಾಡಿಸಿದಂತಿರುತ್ತದೆ: ಷಡ್ಜ ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ದಪ್ಪಗೆ ಸಿಗುತ್ತದೆ. ಒಂದು ಅಥವಾ ಎರಡು ಮನೆಯ ಹಾಡಿನಲ್ಲಾದರೆ ಷಡ್ಜವನ್ನು ಎ ತಂತಿಯ ಮೂರನೆಯ ಅಥವಾ ಐದನೆಯ ಫ್ರೆಟ್‌ನಲ್ಲಿ ಹಿಡಿಯಬೇಕು, ಅದರ ಕೆಳಗಿನ ಷಡ್ಜ ವಾದ್ಯದಲ್ಲಿಯೇ ಇಲ್ಲ. ಪಲ್ಲವಿ ಮುಗಿದು ಪಂಚಮದಿಂದ ಕೆಳಕ್ಕಿಳಿದು ಷಡ್ಜದ ಮೇಲೆ ಕೂರಬೇಕಾದ ಕಡೆ ಬೇಸ್ ಮೇಲಕ್ಕೆ ಹಾರಬೇಕಾಗುತ್ತದೆ.

ಇದರ ಪರಿಣಾಮ ನನಗೆ ತಿಳಿದದ್ದು ತಾಲ್ಲೂಕು ಕೇಂದ್ರವೊಂದರ ಗಣೇಶೋತ್ಸವದಲ್ಲಿ. ಇ ಶ್ರುತಿಯ ಹಾಡೊಂದನ್ನು ಖಾಲಿ ತಂತಿಗಳ ಆಧಾರದ ಮೇಲೆ ಅಭ್ಯಾಸ ಮಾಡಿಕೊಂಡಿದ್ದೆ. ಗಾಯಕರಿಗೆ ಅಂದು ನೆಗಡಿ. ಹಾಡು ಶುರುವಾಗುವ ಮುನ್ನ ಅವರು ಕೀಬೋರ್ಡ್‌ನವರ ಕಡೆ ತಿರುಗಿ ಅರ್ಧ ಮನೆ ಇಳಿಸುವಂತೆ ಬೆರಳಿನಲ್ಲೇ ಸನ್ನೆ ಮಾಡಿದರು, ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಗುಂಡಿಯನ್ನು ಒಮ್ಮೆ ಒತ್ತಿ ಹಾಯಾಗಿ ಕುಳಿತರು. ಬೇಸಿಗೆ ಅಂಥ ಗುಂಡಿಯಿಲ್ಲ. ನನ್ನ ಷಡ್ಜ ವಾದ್ಯದ ಕೊನೆಯ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ ಹೋಗಿ ಕುಳಿತಿತ್ತು, ಇಡೀ ಹಾಡನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಬೇಕಾಯಿತು. ಊಟದೆಲೆಯ ಕೆಳಗಿನ ನೆಲವನ್ನೇ ಎಳೆದುಕೊಂಡಂತೆ ಕೇಳಿಸಿತೆಂದು ಕಾರ್ಯಕ್ರಮ ಮುಗಿದ ಮೇಲೆ ತಬಲಾದವರು ಹೇಳಿದರು. ಐದು ತಂತಿಯಿದ್ದಿದ್ದರೆ, ಖಾಲಿ ತಂತಿಗಳನ್ನು ನಂಬದೆ ಕೈಯ ಆಕಾರವನ್ನು ಒಂದು ಫ್ರೆಟ್ ಹಿಂದಕ್ಕೆ ಸರಿಸಿದ್ದರೆ ಸಾಕಾಗುತ್ತಿತ್ತು.

ಹಾಗೆಂದು ಐದನೆಯ ತಂತಿ ಪುಕ್ಕಟೆಯಾಗಿ ಬರುವುದಿಲ್ಲ. ನೆಕ್ ಅಗಲವಾಗುತ್ತದೆ, ವಾದ್ಯ ಭಾರವಾಗುತ್ತದೆ, ಅದೇ ಬೆಲೆಯ ನಾಲ್ಕು ತಂತಿಯ ವಾದ್ಯಕ್ಕಿಂತ ಗುಣಮಟ್ಟ ಒಂದು ಮೆಟ್ಟಿಲು ಕೆಳಗಿರುವುದೇ ಹೆಚ್ಚು. ಅಗ್ಗದ ವಾದ್ಯಗಳಲ್ಲಿ ಬಿ ತಂತಿ ಸಡಿಲ ಹಗ್ಗದಂತೆ ಅಲುಗಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ತಂತಿಗಳನ್ನು ನುಡಿಸುವಾಗ ಬಿ ತಂತಿ ತಾನೂ ಅನುರಣಿಸಿ ಇಡೀ ನಾದವನ್ನು ಕೆಸರು ಮಾಡುತ್ತದೆ. ಅದನ್ನು ತಡೆಯಲು ಬಲಗೈ ಹೆಬ್ಬೆರಳನ್ನು ಪಿಕಪ್ಪಿನ ಮೇಲೆ ಸ್ಥಿರವಾಗಿಡದೆ, ನುಡಿಸುವ ತಂತಿಯ ಹಿಂದಿನ ತಂತಿಗಳ ಮೇಲೆ ಜಾರಿಸುತ್ತಾ ಒರಗಿಸಿಡುವ ಅಭ್ಯಾಸ ಬೇಕು. ನಾಲ್ಕು ತಂತಿಯಿಂದ ಬಂದವರಿಗೆ ಇದು ಕೈಗೆ ಹತ್ತಲು ತಿಂಗಳುಗಳೇ ಹಿಡಿಯಬಹುದು.

31 ಹರ್ಟ್ಸ್‌ನ ನಾದವನ್ನು ಊರಿನ ಸೌಂಡ್ ಸಿಸ್ಟಮ್‌ಗಳು ಹೊರಡಿಸಲಾರವು, ಕೇಳಿಸದ ಸ್ವರಕ್ಕೆ ಹಣ ಏಕೆ ಎಂಬ ಆಕ್ಷೇಪವೂ ಇದೆ. ಮೊದಲ ಮಾತು ನಿಜ. ಆದರೆ ಮೂಲಸ್ವರ ಕ್ಷೀಣವಾಗಿದ್ದರೂ ಅದರ ಎರಡು ಪಟ್ಟು, ಮೂರು ಪಟ್ಟಿನ ಅನುಸ್ವರಗಳು ಸ್ಪಷ್ಟವಾಗಿದ್ದರೆ ಕಿವಿ ತಾನೇ ಆ ಮೂಲವನ್ನು ಊಹಿಸಿಕೊಳ್ಳುತ್ತದೆ, ಸಣ್ಣ ರೇಡಿಯೊದಲ್ಲಿಯೂ ನಮಗೆ ಬೇಸ್ ಕೇಳಿಸಿದಂತೆ ಅನ್ನಿಸುವುದು ಇದರಿಂದಲೇ. ಅಲ್ಲದೆ ಬಿ ತಂತಿಯ ಐದನೆಯ ಫ್ರೆಟ್‌ನಲ್ಲಿಯೇ ಇ ಸಿಗುವುದರಿಂದ ಎಡಗೈಯನ್ನು ದೂರದ ಮೊದಲ ಫ್ರೆಟ್‌ವರೆಗೆ ಚಾಚದೆ ಒಂದೇ ಜಾಗದಲ್ಲಿಟ್ಟು ಹೆಚ್ಚಿನದನ್ನು ನುಡಿಸಬಹುದು. ನನ್ನ ಮಟ್ಟಿಗೆ ಐದನೆಯ ತಂತಿಯ ದೊಡ್ಡ ಲಾಭ ಇದೇ.

ನಡುವಿನ ದಾರಿಯೂ ಒಂದಿದೆ. ನಾಲ್ಕು ತಂತಿಯ ಬೇಸಿನ ಇ ತಂತಿಯನ್ನು ಒಂದು ಸ್ವರ ಇಳಿಸಿ ಡಿ ಮಾಡಿಕೊಂಡರೆ ಎರಡು ಮನೆಯ ಗಾಯಕರಿಗೆ ಕೆಳಗಿನ ಷಡ್ಜ ಖಾಲಿ ತಂತಿಯಲ್ಲೇ ದೊರಕುತ್ತದೆ. ಒಂದು ಅಥವಾ ಒಂದೂವರೆ ಮನೆಯವರಿಗೆ ಇದು ಸಾಲದು, ಒಂದು ತಂತಿಯ ಬೆರಳಿನ ಸ್ಥಾನಗಳು ಮಾತ್ರ ಬದಲಾಗುವುದರಿಂದ ಗೊಂದಲವೂ ಆಗುತ್ತದೆ. ಒಂದೇ ಮೇಳದೊಂದಿಗೆ, ಗೊತ್ತುಪಡಿಸಿದ ಶ್ರುತಿಗಳಲ್ಲಿ ಸ್ವಂತ ಹಾಡುಗಳನ್ನು ನುಡಿಸುವವರು ನಾಲ್ಕು ತಂತಿಯಲ್ಲಿ ನಿಶ್ಚಿಂತೆಯಿಂದ ಇರಬಹುದು. ರಸಮಂಜರಿ, ಭಕ್ತಿಗೀತೆ, ಚರ್ಚಿನ ಗಾಯನಗಳಂತೆ ಒಂದೇ ಸಂಜೆ ನಾಲ್ಕಾರು ಗಾಯಕರ ಜೊತೆ ನುಡಿಸಬೇಕಾದವರು ಮೊದಲ ದಿನದಿಂದಲೇ ಐದು ತಂತಿಯಲ್ಲಿ ಕಲಿಯುವುದು ಲೇಸು.

ಕೈ ಚಿಕ್ಕದಿದ್ದರೆ

ಸಾಮಾನ್ಯ ಬೇಸಿನಲ್ಲಿ ತಂತಿಯ ಉದ್ದ 34 ಇಂಚು. ಅದರಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ಅಂತರವಿದೆ. ಬೆರಳಿಗೊಂದು ಫ್ರೆಟ್ ಎಂಬ ಗಿಟಾರಿನ ನಿಯಮವನ್ನು ಇಲ್ಲಿ ಬಲವಂತವಾಗಿ ಪಾಲಿಸಿದರೆ ಮಣಿಕಟ್ಟು ನೋಯುತ್ತದೆ. ಡಬಲ್ ಬೇಸ್ ವಾದಕರು ತೋರುಬೆರಳು, ನಡುಬೆರಳು, ಕಿರುಬೆರಳುಗಳಿಂದ ಮೂರೇ ಸ್ವರಗಳನ್ನು ಹಿಡಿದು, ಉಂಗುರ ಬೆರಳನ್ನು ಕಿರುಬೆರಳಿಗೆ ಆಸರೆಯಾಗಿಸುತ್ತಾರೆ. ಐದನೆಯ ಫ್ರೆಟ್‌ನ ಕೆಳಗೆ ಈ ಕ್ರಮವನ್ನೂ, ಮೇಲೆ ಬೆರಳಿಗೊಂದು ಫ್ರೆಟ್ ಕ್ರಮವನ್ನೂ ಅನುಸರಿಸಿದರೆ ಹೆಚ್ಚಿನವರಿಗೆ 34 ಇಂಚು ಒಗ್ಗುತ್ತದೆ. ಮಕ್ಕಳಿಗೆ 30 ಇಂಚಿನ ಕಿರು ಅಳತೆಯ ವಾದ್ಯವೇ ಸರಿ. ಅದನ್ನು ಆಟಿಕೆಯೆಂದು ಮೂಗುಮುರಿಯುವವರಿಗೆ, ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಬೇಸ್ ಕೂಡ ಅದೇ ಕಿರು ಅಳತೆಯದೆಂದು ನೆನಪಿಸಬಹುದು.

ಬೆರಳು, ಪಿಕ್, ಹೆಬ್ಬೆರಳು

ಬೆರಳಿನಿಂದ ನುಡಿಸಿದರೆ ಮಾತ್ರ ನಿಜವಾದ ಬೇಸ್ ವಾದಕ ಎಂಬ ಮಾತು ನಮ್ಮ ಅಭ್ಯಾಸದ ಕೋಣೆಗಳಲ್ಲಿ ಈಗಲೂ ಕೇಳಿಬರುತ್ತದೆ. ಡೆಟ್ರಾಯ್ಟ್‌ನ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳನ್ನು, ತೋರುಬೆರಳನ್ನು, ಬಳಸುತ್ತಿದ್ದರು. ಅದೇ 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಸ್ಟುಡಿಯೊಗಳಲ್ಲಿ ಕರೋಲ್ ಕೇ ಪಿಕ್ (ಮೀಟಲು ಬಳಸುವ ಚಿಕ್ಕ ಬಿಲ್ಲೆ) ಹಿಡಿದು ನುಡಿಸುತ್ತಿದ್ದರು. ಇಬ್ಬರ ನಾದವನ್ನೂ ಕೇಳಿದವರು ಯಾವುದು ಶುದ್ಧ ಎಂಬ ಪ್ರಶ್ನೆ ಎತ್ತಲಾರರು.

ವ್ಯತ್ಯಾಸವಿರುವುದು ಸ್ವರದ ಆರಂಭದಲ್ಲಿ. ಪಿಕ್ಕಿನ ಪೆಟ್ಟು ಚೂಪಾದ್ದರಿಂದ, ಡಿಸ್ಟಾರ್ಷನ್ ಗಿಟಾರ್‌ಗಳಿದ್ದಾಗ ಅಥವಾ ಸಿಮೆಂಟು ಗೋಡೆಗಳ ಕಲ್ಯಾಣ ಮಂಟಪದಲ್ಲಿ ನಾದ ಗುಂಯ್‌ಗುಟ್ಟುತ್ತಿರುವಾಗ, ಕನಿಷ್ಠ ಪಕ್ಷ ಸ್ವರ ಎಲ್ಲಿ ಶುರುವಾಯಿತೆಂಬುದು ಕೇಳುಗರಿಗೆ ತಿಳಿಯುತ್ತದೆ. ತಬಲಾ, ಢೋಲಕ್‌ಗಳ ಜೊತೆಗೆ ಹರಿಯುವ ಮೆಲುಗೀತೆಗಳಲ್ಲಿ ಅದೇ ಚೂಪು ಚುಚ್ಚುತ್ತದೆ, ಅಲ್ಲಿ ಬೆರಳೇ ಬೇಕು. ಬೆರಳಿನಲ್ಲಿಯೂ ತಂತಿಯನ್ನು ಎಲ್ಲಿ ಮೀಟುತ್ತೇವೆಂಬುದರಿಂದ ನಾದ ಬಹಳ ಬದಲಾಗುತ್ತದೆ: ತಂತಿಗಳ ಕೆಳತುದಿಯನ್ನು ಹಿಡಿದಿಡುವ ಬ್ರಿಡ್ಜ್‌ನ ಬಳಿ ಗಟ್ಟಿ ಮತ್ತು ಸ್ಪಷ್ಟ, ನೆಕ್‌ನ ಬಳಿ ದುಂಡಗೆ. ಟೋನ್ ಗುಂಡಿ ತಿರುಗಿಸುವ ಮುನ್ನ ಕೈಯನ್ನು ನಾಲ್ಕು ಬೆರಳಿನಷ್ಟು ಸರಿಸಿ ನೋಡುವುದು ಒಳ್ಳೆಯದು.

ಹೆಬ್ಬೆರಳಿನಿಂದ ಬಡಿದು ತೋರುಬೆರಳಿನಿಂದ ಸೆಳೆಯುವ ಸ್ಲ್ಯಾಪ್ ಶೈಲಿ ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ತಮ್ಮ ತಾಯಿಯ ಜೊತೆ ನುಡಿಸುವಾಗ ಡ್ರಮ್ಸ್ ಇಲ್ಲದ ಕೊರತೆಯನ್ನು ತುಂಬಲು ಹುಟ್ಟಿದ್ದು. ಡ್ರಮ್ಸ್ ಇರುವಾಗ ಅದನ್ನು ಉಪ್ಪಿನಕಾಯಿಯಂತೆ ಬಳಸಿದರೆ ಚೆಂದ.

ತಂತಿಯ ಬಗೆ

ಸಾಮಾನ್ಯವಾಗಿ ವಾದ್ಯದ ಜೊತೆ ಬರುವುದು ರೌಂಡ್‌ವೌಂಡ್ ತಂತಿ: ದುಂಡು ಸರಿಗೆಯನ್ನು ಸುತ್ತಿದ್ದು, ಹೊಳಪಿನ ನಾದದ್ದು, ಬೆರಳು ಜಾರಿಸಿದರೆ ಕಿರ್ರೆನ್ನುವಂಥದ್ದು. ಫ್ಲ್ಯಾಟ್‌ವೌಂಡ್‌ನಲ್ಲಿ ಚಪ್ಪಟೆ ಪಟ್ಟಿ ಸುತ್ತಿರುವುದರಿಂದ ಮೇಲ್ಮೈ ನುಣುಪಾಗಿದ್ದು, ನಾದ ಬೇಗ ತಗ್ಗಿ ಮೂಲಸ್ವರವೇ ಮುಂದೆ ನಿಲ್ಲುತ್ತದೆ. ಜೇಮರ್ಸನ್ ಬಳಸುತ್ತಿದ್ದದ್ದು ಇದನ್ನೇ. ಸ್ವರದಿಂದ ಸ್ವರಕ್ಕೆ ಜಾರು ಕೊಡುವ ಸಂದರ್ಭಗಳು ನಮ್ಮ ಹಾಡುಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ಆ ಜಾರಿನಲ್ಲಿ ಕಿರ್ರೆಂಬ ಸದ್ದಿಲ್ಲದಿರುವುದು ಫ್ಲ್ಯಾಟ್‌ವೌಂಡ್‌ನ ಪರವಾದ ವಾದಗಳಲ್ಲಿ ಬಲವಾದದ್ದು. ಇನ್ನೊಂದು ವಾದ ಹವಾಮಾನದ್ದು. ಮಂಗಳೂರು, ಉಡುಪಿಗಳ ಬೆವರಿಗೂ ಉಪ್ಪುಗಾಳಿಗೂ ರೌಂಡ್‌ವೌಂಡ್ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ, ಏಕೆಂದರೆ ಸುತ್ತುಗಳ ಸಂದಿನಲ್ಲಿ ಕೊಳೆ ಕೂರುತ್ತದೆ. ಫ್ಲ್ಯಾಟ್‌ವೌಂಡ್ ದುಬಾರಿಯಾದರೂ ವರ್ಷಗಟ್ಟಲೆ ಬಾಳುತ್ತದೆ. ಪಿಕ್ ಮತ್ತು ಸ್ಲ್ಯಾಪ್ ಹೆಚ್ಚು ನುಡಿಸುವವರಿಗೆ ಮಾತ್ರ ಇದು ನಿರಾಸೆ ತರುತ್ತದೆ. ಬಗೆ ಬದಲಾಯಿಸಿದಾಗ ತಂತಿಯ ಬಿಗಿತವೂ ಬದಲಾಗುತ್ತದೆ. ನೆಕ್‌ನ ಬಾಗು ಹೆಚ್ಚುಕಡಿಮೆಯಾದರೆ ಅದರೊಳಗಿನ ಬಾಗು ತಿದ್ದುವ ಕಂಬಿಯಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ನೋಡಬೇಕು. ಮಳೆಗಾಲ ಶುರುವಾದಾಗಲೂ ಇದನ್ನೊಮ್ಮೆ ಪರೀಕ್ಷಿಸುವುದು ಒಳಿತು.

ಬ್ಯಾಟರಿ ಇರುವುದೋ, ಇಲ್ಲದ್ದೋ

1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬಂದ ಮೇಲೆ ವಾದ್ಯದೊಳಗೇ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಸಂಕೇತವನ್ನು ಬಲಪಡಿಸಿ ನಾದ ತಿದ್ದುವ ಪ್ರೀಆ್ಯಂಪ್ ಜನಪ್ರಿಯವಾಯಿತು (ಇದಿರುವ ವಾದ್ಯ ಆ್ಯಕ್ಟಿವ್, ಇಲ್ಲದ್ದು ಪ್ಯಾಸಿವ್). ಉದ್ದದ ಕೇಬಲ್ಲಿನಲ್ಲಿಯೂ ಹೊಳಪು ಕುಗ್ಗದಿರುವುದು, ವೇದಿಕೆಯಲ್ಲಿ ನಿಂತಲ್ಲೇ ನಾದ ತಿದ್ದಿಕೊಳ್ಳಬಹುದಾದದ್ದು ಇದರ ಲಾಭಗಳು. ಬ್ಯಾಟರಿ ಸಾಯುವುದು ಇದರ ನಷ್ಟ, ಅದೂ ಸಾಮಾನ್ಯವಾಗಿ ಹಾಡಿನ ನಡುವೆ. ಕೇಬಲ್ ಸಿಕ್ಕಿಸಿರುವಷ್ಟೂ ಹೊತ್ತು ಬ್ಯಾಟರಿ ಖರ್ಚಾಗುತ್ತಿರುತ್ತದೆಂಬುದನ್ನು ಬಹಳ ಮಂದಿ ಅರಿಯರು. ಬ್ಯಾಟರಿ ಸತ್ತಾಗ ಪ್ಯಾಸಿವ್ ಆಗಿ ನುಡಿಸಲು ಸ್ವಿಚ್ ಇರುವ ವಾದ್ಯವಾದರೆ ಆ್ಯಕ್ಟಿವ್ ಕೊಳ್ಳಿ, ಇಲ್ಲವಾದರೆ ಪ್ಯಾಸಿವ್ ಸಾಕು.

ಆ್ಯಂಪ್, ಡಿಐ, ಕಿವಿಯ ಮಾನಿಟರ್

1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟ್‌ಗಳ ಎಸ್‌ವಿಟಿ ಆ್ಯಂಪನ್ನು ತಂದಾಗ ವೇದಿಕೆಯ ಸದ್ದಿನ ಹೊಣೆಯೆಲ್ಲ ವಾದಕರ ಬೆನ್ನ ಹಿಂದಿನ ಪೆಟ್ಟಿಗೆಗಳದ್ದಾಗಿತ್ತು. ಈಗ ಬೇಸಿನ ಸಂಕೇತ ನೇರವಾಗಿ ಮಿಕ್ಸರ್‌ಗೆ ಹೋಗುತ್ತದೆ, ಆ್ಯಂಪ್ ಇದ್ದರೂ ಅದು ವಾದಕರಿಗೆ ಕೇಳಿಸಲೆಂದು ಮಾತ್ರ. ಆದ್ದರಿಂದ ಡ್ರಮ್ಸ್‌ನ ಪಕ್ಕದಲ್ಲಿ ಕೇಳಿಸಲು ಕನಿಷ್ಠ 200 ವ್ಯಾಟ್ ಬೇಕಾಗುವ ಆ್ಯಂಪನ್ನು ಕೊಂಡು ಬಸ್ಸಿನಲ್ಲಿ ಹೊರುವ ಬದಲು, ಅದೇ ಹಣದ ಒಂದು ಪಾಲಿನಲ್ಲಿ ಟೆಕ್ 21 ಕಂಪನಿಯ ಸ್ಯಾನ್ಸ್‌ಆ್ಯಂಪ್‌ನಂಥ ಪ್ರೀಆ್ಯಂಪ್ ಇರುವ ಡಿಐ ಪೆಟ್ಟಿಗೆಯನ್ನು (ವಾದ್ಯದ ಸಂಕೇತವನ್ನು ನೇರವಾಗಿ ಮಿಕ್ಸರ್‌ಗೆ ಕಳುಹಿಸುವ ಪೆಟ್ಟಿಗೆ) ಚೀಲದಲ್ಲಿಟ್ಟುಕೊಳ್ಳುವುದು ಜಾಣತನವೆಂದು ನನ್ನ ಅನಿಸಿಕೆ. ನಾದವನ್ನು ಅದರಲ್ಲಿ ತಿದ್ದಿ ಕಳುಹಿಸಿದರೆ ಸೌಂಡ್‌ನವರ ಕೆಲಸವೂ ಹಗುರವಾಗುತ್ತದೆ. ತಿದ್ದುವಾಗ ತಳವನ್ನು ಎತ್ತುವ ಆಸೆಯನ್ನು ತಡೆದು, 400ರಿಂದ 800 ಹರ್ಟ್ಸ್ ನಡುವೆ ಸ್ವಲ್ಪ ಎತ್ತಿ ನೋಡಬೇಕು. ತಳ ಅತಿಯಾದರೆ ಸೌಂಡ್‌ನವರು ಬೇಸನ್ನೇ ಇಳಿಸುತ್ತಾರೆ, ಆಗ ಇದ್ದದ್ದೂ ಹೋಗುತ್ತದೆ.

ಇದರ ದೌರ್ಬಲ್ಯವೆಂದರೆ ನಿಮಗೆ ನೀವು ಕೇಳಿಸಲು ಬೇರೆಯವರ ಮಾನಿಟರ್ ಸ್ಪೀಕರನ್ನು ನಂಬಬೇಕು, ಅದು ಬಹುತೇಕ ಗಾಯಕರ ಎದುರಿಗಿರುತ್ತದೆ. ತಂತಿಯಿಂದ ಜೋಡಿಸುವ ಇಯರ್‌ಫೋನ್ ಮತ್ತು ಚಿಕ್ಕ ಹೆಡ್‌ಫೋನ್ ಆ್ಯಂಪ್ ಅಗ್ಗದ ಪರಿಹಾರ. ಬ್ಲೂಟೂತ್ ಇಯರ್‌ಫೋನ್ ಇಲ್ಲಿ ಕೆಲಸಕ್ಕೆ ಬಾರದು, ಸ್ವರ ತಡವಾಗಿ ಕಿವಿಗೆ ಬಂದು ತಾಳ ತಪ್ಪಿಸುತ್ತದೆ. ನಿಲ್ಲುವ ಜಾಗದ ಆಯ್ಕೆಯಿದ್ದರೆ ಡ್ರಮ್ಮರ್‌ನ ಹೈ-ಹ್ಯಾಟ್ (ಜೋಡಿ ಸಿಂಬಲ್) ಪಕ್ಕದಲ್ಲಿ, ಅವರ ಕಾಲು ಕಾಣುವಂತೆ ನಿಲ್ಲಿ. ಕೀಬೋರ್ಡ್‌ನವರ ಎಡಗೈ ಬೇಸಿನ ಸ್ವರಗಳನ್ನೇ ಒತ್ತುತ್ತಿದ್ದರೆ ಯಾವ ಉಪಕರಣವೂ ನಿಮ್ಮನ್ನು ಉಳಿಸದು, ಸೌಂಡ್ ಚೆಕ್‌ನ ವೇಳೆಯಲ್ಲೇ ಆ ಕೈಯನ್ನು ಒಂದು ಸ್ಥಾಯಿ ಮೇಲಕ್ಕೆ ಸರಿಸುವಂತೆ ಕೇಳಿಕೊಳ್ಳಿ.

ಅರ್ಥಿಂಗ್ ಸರಿಯಿಲ್ಲದ ಪೆಂಡಾಲುಗಳಲ್ಲಿ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದವರಿಗೆ ವಿದ್ಯುತ್ ಹೊಡೆಯುವುದುಂಟು. ಹಾಡುವ ಬೇಸ್ ವಾದಕರು ಮೊದಲು ಟೆಸ್ಟರಿನಿಂದ ಮೈಕಿನ ಜಾಲರಿಯನ್ನೂ ತಂತಿಯನ್ನೂ ಮುಟ್ಟಿ ನೋಡಬೇಕು. ಗುಂಯ್ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಕಿತ್ತುಹಾಕುವವರಿದ್ದಾರೆ. ಅದು ಪ್ರಾಣಾಪಾಯದ ಕೆಲಸ, ಆ ಸದ್ದಿಗಾಗಿ ಡಿಐ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇದೆ.

ಅಂಗಡಿಯಲ್ಲಿ

ಶ್ರುತಿ ಮಾಡಿದ ಮೇಲೆ ಪ್ರತಿ ತಂತಿಯ ಹನ್ನೆರಡನೆಯ ಫ್ರೆಟ್‌ನ ಸ್ವರವನ್ನು ಅದೇ ಜಾಗದಲ್ಲಿ ಒತ್ತದೆ ಬೆರಳು ತಾಗಿಸಿ ಮೀಟಿದಾಗ ಬರುವ ಹಾರ್ಮಾನಿಕ್‌ನೊಂದಿಗೆ ಟ್ಯೂನರಿನಲ್ಲಿ ಹೋಲಿಸಿ, ಎಲ್ಲ ಫ್ರೆಟ್‌ಗಳನ್ನೂ ಒಂದೊಂದಾಗಿ ನುಡಿಸಿ ಎಲ್ಲಿ ಜರ್ರೆನ್ನುತ್ತದೆಂದು ಕೇಳಿ. ಐದು ತಂತಿಯದಾದರೆ ಬಿ ತಂತಿಯ ಐದನೆಯ ಫ್ರೆಟ್‌ನ ಇ ಸ್ವರವನ್ನೂ ಖಾಲಿ ಇ ತಂತಿಯನ್ನೂ ಒಂದರ ಹಿಂದೊಂದು ನುಡಿಸಿ: ಮೊದಲನೆಯದು ಮಂಕಾಗಿ ಬೇರೆ ವಾದ್ಯದ್ದೆಂಬಂತೆ ಕೇಳಿದರೆ ಅದನ್ನು ಬಿಟ್ಟು ಮುಂದಿನದನ್ನು ನೋಡಿ. ಆಮೇಲೆ ಪಟ್ಟಿ ಹಾಕಿಸಿ ಎದ್ದು ನಿಂತು, ಎಡಗೈಯನ್ನು ನೆಕ್‌ನಿಂದ ಪೂರ್ತಿ ತೆಗೆಯಿರಿ. ವಾದ್ಯದ ತಲೆ ನೆಲದ ಕಡೆಗೆ ಬಾಗಿದರೆ, ಮೂರು ಗಂಟೆಯ ಕಾರ್ಯಕ್ರಮದ ಉದ್ದಕ್ಕೂ ಆ ಭಾರವನ್ನು ಹಿಡಿದಿರಬೇಕಾದದ್ದು ಸ್ವರ ಒತ್ತುವ ಆ ಎಡಗೈಯೇ.